ನಲವತ್ತೇಳು, ನಲವತ್ತೆಂಟು

ನನ್ನ ತಂಗಿ ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಕಲಿಯುತ್ತಿದ್ದಳು. ಅದೂ ಎಲ್ಲಿ? ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ನನ್ನ ಮೇಜಿನ ಎದುರು ಕೂತು, ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ. ಮರುದಿನ ಬೆಳಿಗ್ಗೆ ಅವಳ ಬಲಗೈಯನ್ನು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿ ತೆಗೆಯುವವರಿದ್ದರು. ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿದ ಕೈ ಅದು. ಇವಳು ಅಳುವುದು ಬಿಟ್ಟು ದಾರ ಪೋಣಿಸುತ್ತಿದ್ದಾಳೆ!

“ನೋಡಕ್ಕಾ, ಹತ್ತರಲ್ಲಿ ಆರು ಸಲ ಹೋಗ್ತಿದೆ.”

“ಸುಮ್ನಿರ್ತೀಯಾ ಇಲ್ವಾ?”

“ಏನ್ ಮಾಡ್ಲಿ ಮತ್ತೆ? ನಿನ್ ಥರ ಗೋಡೆಗೆ ಬೈಕೊಂಡು ಕೂರ್ಲಾ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತಾರು ವರ್ಷದಿಂದ ಈ ಕೋಣೆಯಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಇದರ ಮುಖ್ಯಸ್ಥೆ. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಪಟಾಕಿ ಎನ್ನುತ್ತಾರೆ. ಎನ್ನಲಿ, ನನಗೇನು. ನಾನು ಸಿಡಿಯದಿದ್ದರೆ ಈ ಕಟ್ಟಡದಲ್ಲಿ ಒಂದು ಕಡತವೂ ತನ್ನ ಕಪಾಟು ಸೇರುವುದಿಲ್ಲ. ಆದರೆ ತಂಗಿಯ ವರದಿ ಬಂದ ಮೇಲಿನ ಹತ್ತೊಂಬತ್ತು ದಿನ ನನ್ನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಒದ್ದಾಡಿಹೋಗಿದ್ದೆ. ಒಂದು ಗಂಟಿನ ಮೇಲೆ ಎಷ್ಟು ಅಂತ ಕೂಗಾಡುವುದು?

ಅಂಗೈಗೂ ಮಣಿಕಟ್ಟಿಗೂ ನಡುವೆ ಅವಳಿಗೆ ಒಂದು ಸಣ್ಣ ಗಂಟು ಎದ್ದಿತ್ತು. ಕತ್ತರಿ ಹಿಡಿದಾಗ ಒತ್ತುತ್ತದೆ ಎಂದು ನಾನೇ ಕರೆದುಕೊಂಡು ಬಂದು ಹೊರರೋಗಿಗಳ ಆಪರೇಷನ್ ಕೋಣೆಯಲ್ಲಿ ತೆಗೆಸಿದ್ದೆ. ತುಂಡು ಲ್ಯಾಬಿಗೆ ಹೋಯಿತು. ವಾರ ಕಳೆದು ವರದಿ ಬಂತು: ಕೆಟ್ಟ ಗೆಡ್ಡೆ. ಬೇರೆ ಕಡೆ ಹರಡಿಲ್ಲ, ಬೇಗ ಕೈ ತೆಗೆದರೆ ಜೀವ ಉಳಿಯುತ್ತದೆ ಎಂದರು. ಆ ಕಾಗದದಲ್ಲಿ ‘ಕೆಟ್ಟ’ ಎಂಬ ಪದದಿಂದ ಮುಂದಕ್ಕೆ ಒಂದಕ್ಷರವನ್ನೂ ನಾನು ಓದಿರಲಿಲ್ಲ. ದಿನಕ್ಕೆ ನೂರಿಪ್ಪತ್ತು ವರದಿಯ ಮೇಲೆ ಕಣ್ಣಾಡಿಸುವ ನಾನು, ಇದೊಂದನ್ನು ಮಡಿಸಿ ಡ್ರಾಯರಿಗೆ ತುರುಕಿ ಬೀಗ ಹಾಕಿದ್ದೆ.

“ಎರಡೇ ಎರಡು ಹೊಲಿಗೆ ಹಾಕಿದ್ರು,” ಎಂದಳು ತಂಗಿ, ಸೂಜಿ ಕೆಳಗಿಟ್ಟು ಬಲಗೈಯನ್ನು ನೋಡಿಕೊಳ್ಳುತ್ತಾ. “ಎಷ್ಟು ದೂರ ದೂರ ಹಾಕಿದ್ದಾರೆ ನೋಡು. ಬಟ್ಟೆ ಆಗಿದ್ರೆ ಗಿರಾಕಿ ಮುಖದ ಮೇಲೆ ಎಸೀತಿದ್ರು. ಒಂಬತ್ತು ಮಿಲಿಮೀಟರ್ ಗಾಯಕ್ಕೆ ನಾನಾಗಿದ್ರೆ ನಾಲ್ಕು ಹಾಕ್ತಿದ್ದೆ.”

“ಟೇಪ್ ಹಿಡಿದು ಅಳೆದ್ಯಾ?”

“ಅಳೀದೆ ಇರ್ತೀನಾ?”

ಅವಳ ಅಳತೆ ಎಂದೂ ತಪ್ಪಿದ್ದಲ್ಲ. ಏನೋ ಒಂದು ನನ್ನನ್ನು ಚುಚ್ಚಿತು. ಡ್ರಾಯರಿನ ಬೀಗ ತೆಗೆದು ವರದಿ ಬಿಡಿಸಿದೆ. ಎರಡನೇ ಸಾಲಿನಲ್ಲೇ ಇತ್ತು: ಬಂದ ತುಂಡಿನ ಉದ್ದ ನಾಲ್ಕು ಸೆಂಟಿಮೀಟರ್, ಅಗಲ ಮೂರು. ಮೂರು ಸಲ ಓದಿದೆ. ಆಮೇಲೆ ತಂಗಿಗೆ ಗಟ್ಟಿಯಾಗಿ ಓದಿ ಹೇಳಿದೆ.

“ಅದು ಹೆಂಗಾಗುತ್ತೆ?” ಎಂದಳು. “ಗುಂಡಿ ತೂತಿನಿಂದ ಕೋಟು ಎಳೆದ ಹಾಗಾಯ್ತಲ್ಲ.”

ಹತ್ತೊಂಬತ್ತು ದಿನ! ಹತ್ತೊಂಬತ್ತು ದಿನ ಈ ಕಾಗದದ ಮೇಲೆ ಮೊಣಕೈ ಊರಿ ಕೂತಿದ್ದೆನಲ್ಲ. “ನೀನು ಇಲ್ಲೇ ಕೂತಿರು. ಎದ್ದು ಹೋದ್ರೆ ಕಾಲು ಮುರೀತೀನಿ,” ಎಂದು ಅವಳಿಗೆ ಹೇಳಿ ವರದಿ ಹಿಡಿದು ಹೊರಟೆ.

ಆಪರೇಷನ್ ಡಾಕ್ಟರು ಎರಡನೇ ಮಹಡಿಯಲ್ಲಿ ಕೈ ತೊಳೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಅವಸರದ ಮನುಷ್ಯರು. ವರದಿ ನೋಡಿದರು, ಗಡಿಯಾರ ನೋಡಿದರು.

“ತುಂಡು ಅಳೆಯೋದ್ರಲ್ಲಿ ಹೆಚ್ಚುಕಮ್ಮಿ ಆಗುತ್ತಮ್ಮಾ. ಲ್ಯಾಬಿನೋರು ಪಾಯಿಂಟ್ ನಾಲ್ಕು ಅಂತ ಬರೆಯೋ ಕಡೆ ನಾಲ್ಕು ಅಂತ ಬರೆದಿರ್ಬೋದು.”

“ಅಗಲಾನೂ ಹಂಗೇ ಬರೆದ್ರಾ? ಎರಡು ಸಲ ಚುಕ್ಕಿ ಮರೆತ್ರಾ? ಲ್ಯಾಬಲ್ಲಿ ತುಂಡು ಅಂಟಿಸಿಟ್ಟಿರೋ ಗಾಜು ಇನ್ನೊಂದ್ಸಲ ನೋಡ್ಲಿ ಅಂತ ಸೈನ್ ಹಾಕ್ಕೊಡಿ ಸರ್, ಅಷ್ಟೇ ನಾನು ಕೇಳ್ತಿರೋದು.”

“ಸಂಖ್ಯೆ ನೋಡಿ. ಹಸಿರು ಬಂದಿದೆ. ಸಂಖ್ಯೆ ಸರಿ ಇದ್ದ ಮೇಲೆ ವರದಿ ಅವರದ್ದೇ. ಮನೆಯವರಿಗೆ ಹೀಗೆಲ್ಲ ಅನ್ಸುತ್ತೆ, ನನಗೆ ಅರ್ಥ ಆಗುತ್ತೆ.”

ಮನೆಯವರಿಗೆ ಹೀಗೆಲ್ಲ ಅನ್ಸುತ್ತೆ! ನೆತ್ತಿಗೇರಿತು ನನಗೆ. “ಕಡಿಯೋದು ನಿಮ್ಮ ಕೈಯಲ್ಲ ಸರ್,” ಎಂದೆ. ಅವರ ಮುಖ ಕೆಂಪಗಾಯಿತು. ಟವೆಲು ಕೆಳಗಿಟ್ಟು, “ಹಸಿರು ಬಂದ ಸಂಖ್ಯೆ ತಪ್ಪಾಗೋಕೆ ಸಾಧ್ಯ ಅಂತ ತೋರಿಸಿ. ತೋರಿಸಿದ್ರೆ ಸೈನ್ ಹಾಕ್ತೀನಿ. ಬರೀ ಬಾಯಿ ಮಾತಿಗೆ ಆಗಲ್ಲ,” ಎಂದರು.

ಈ ಹಸಿರಿನ ಕತೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಯಾರ ಮೈಯಿಂದ ಏನು ತೆಗೆದರೂ ಅದಕ್ಕೊಂದು ಹನ್ನೆರಡು ಅಂಕಿಯ ಸಂಖ್ಯೆ ಕೊಡುತ್ತಾರೆ. ಲ್ಯಾಬಿನವರಿಗೆ ಹೆಸರು ಗೊತ್ತಾಗಬಾರದು, ಕೈಯೋ ಕಾಲೋ ಎಂಬುದೂ ಗೊತ್ತಾಗಬಾರದು, ಮನಸ್ಸು ಆಚೀಚೆ ಆಗಬಾರದು ಅಂತ ಒಂದು ಘನಂದಾರಿ ನಿಯಮ. ಅವರು ಹಾಳೆಯ ಮೇಲೆ ಸಂಖ್ಯೆ ಬರೆದು, ಮುಂದೆ ಕಂಡದ್ದನ್ನು ಬರೆದು ನಮಗೆ ಕಳಿಸುತ್ತಾರೆ. ಅವರ ಯಂತ್ರಕ್ಕೂ ನಮ್ಮ ಯಂತ್ರಕ್ಕೂ ಮಾತು ಬಿಟ್ಟಿದೆ. ಹೀಗಾಗಿ ನಮ್ಮ ಕೋಣೆಯಲ್ಲಿ ಒಬ್ಬರು ಹಾಳೆ ಓದುತ್ತಾರೆ, ಒಬ್ಬರು ಟೈಪ್ ಮಾಡುತ್ತಾರೆ. ಸಂಖ್ಯೆ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗುರುತು, ತಪ್ಪಿದ್ದರೆ ಕೆಂಪು. ಹಸಿರು ಬಂತೆಂದರೆ ಮುಗಿಯಿತು, ಹಾಳೆಯನ್ನು ಅದೇ ಸಂಜೆ ಚೂರು ಮಾಡುವ ಯಂತ್ರಕ್ಕೆ ಹಾಕಬೇಕು. ಹಾಳೆ ಇಟ್ಟುಕೊಳ್ಳೋಣ ಎಂದು ನಾನು ಎರಡು ಸಭೆಯಲ್ಲಿ ಬಾಯಿ ಬಡಿದುಕೊಂಡಿದ್ದೆ. ಯಾರ ಕಿವಿಗೂ ಹೋಗಲಿಲ್ಲ.

ಹಸಿರನ್ನು ತಂದ ಮಹಾನುಭಾವ ನೆಲಮಹಡಿಯಲ್ಲಿ ಕೂರುತ್ತಾನೆ. ಕಂಪ್ಯೂಟರಿನವನು. ನಾನು ಅವನಿಗೆ ಹಸಿರಪ್ಪ ಎಂದು ಹೆಸರಿಟ್ಟಿದ್ದೇನೆ. ಬಾಗಿಲು ತಳ್ಳಿ ಒಳಗೆ ಹೋದವಳೇ ವರದಿಯನ್ನು ಅವನ ಕೀಲಿಮಣೆಯ ಮೇಲೆ ಹಾಕಿದೆ.

“ನಿನ್ನ ಹಸಿರು ಸುಳ್ಳು ಹೇಳುತ್ತೆ ಕಣಯ್ಯಾ.”

“ಇಲ್ಲಕ್ಕಾ, ಛಾನ್ಸೇ ಇಲ್ಲ,” ಎಂದ, ನಗುತ್ತಲೇ. “ಹೊರಗೆ ಕೊಡೋ ಪ್ರತಿ ಸಂಖ್ಯೆಯೂ ಹನ್ನೊಂದರಿಂದ ಭಾಗ ಆಗೋ ಹಾಗೆ ಕೊನೇ ಅಂಕಿ ಕೂರಿಸಿದೀವಿ. ಟೈಪ್ ಮಾಡೋವಾಗ ಒಂದು ಅಂಕಿ ತಪ್ಪಿದ್ರೂ ಹನ್ನೊಂದು ಹೋಗಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದ್ರೂ ಹೋಗಲ್ಲ. ಕೆಂಪು ಬಂದೇ ಬರುತ್ತೆ. ಜನ ಮಾಡೋ ತಪ್ಪು ಅಂದ್ರೆ ಇವೆರಡೇ.”

“ಯಾವ ಜನ?”

“ಅಂದ್ರೆ?”

“ಯಾವ ಊರಿನ ಜನ ಅಂತ ಕೇಳ್ದೆ. ನಮ್ಮ ಕೋಣೆಗೆ ಯಾವತ್ತಾದ್ರೂ ಬಂದು ನಾವು ಹೇಗೆ ಓದ್ತೀವಿ ಅಂತ ಕೇಳಿದ್ಯಾ?”

ನಾನು ಅವನ ಮೇಜಿನ ಮೇಲಿದ್ದ ಪೆನ್ನು ಕಿತ್ತುಕೊಂಡು ವರದಿಯ ಬೆನ್ನಿನ ಮೇಲೆ ತಂಗಿಯ ಸಂಖ್ಯೆ ಬರೆದೆ: 703519474823. ಎಪ್ಪತ್ತು ಸಾವಿರದ ಮುನ್ನೂರ ಐವತ್ತೊಂದು ಕೋಟಿ ಮೀರಿದ ಸಂಖ್ಯೆ. ಎರಡು ಹೋಗುವುದಿಲ್ಲ, ಮೂರು ಹೋಗುವುದಿಲ್ಲ, ಐದು ಹೋಗುವುದಿಲ್ಲ, ಏಳರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಹನ್ನೊಂದು ಮಾತ್ರ ಸಲೀಸಾಗಿ ಹೋಗುತ್ತದೆ. ಒಂದು ಬಿಟ್ಟು ಒಂದು ಅಂಕಿ ಕೂಡಿದೆ: ಏಳು, ಮೂರು, ಒಂದು, ನಾಲ್ಕು, ನಾಲ್ಕು, ಎರಡು. ಇಪ್ಪತ್ತೊಂದು. ಉಳಿದವು ಸೊನ್ನೆ, ಐದು, ಒಂಬತ್ತು, ಏಳು, ಎಂಟು, ಮೂರು. ಮೂವತ್ತೆರಡು. ಕಳೆದರೆ ಹನ್ನೊಂದು. ಅವನ ಲೆಕ್ಕ ಸರಿಯಾಗೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

“ಈಗ ಕೇಳಿಸ್ಕೋ,” ಎಂದೆ. “ನಾವು ಅಂಕಿ ಅಂಕಿಯಾಗಿ ಓದಲ್ಲ. ಜೋಡಿ ಜೋಡಿಯಾಗಿ ಓದ್ತೀವಿ. ಎಪ್ಪತ್ತು, ಮೂವತ್ತೈದು, ಹತ್ತೊಂಬತ್ತು, ನಲವತ್ತೇಳು, ನಲವತ್ತೆಂಟು, ಇಪ್ಪತ್ತಮೂರು. ಹನ್ನೆರಡು ಸಲ ಬಾಯಿ ತೆಗೆಯೋ ಬದಲು ಆರು ಸಲ.”

“ಅದಕ್ಕೇನೀಗ?”

“ತಪ್ಪೂ ಜೋಡೀಲೇ ಆಗುತ್ತೆ ಅಂತ!”

ಜೋಡಿಗಳನ್ನು ಒಂದರ ಕೆಳಗೊಂದು ಬರೆದೆ. ನೂರನ್ನು ಹನ್ನೊಂದರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹೀಗಾಗಿ ಹನ್ನೊಂದು ಹೋಗುತ್ತದೋ ಇಲ್ಲವೋ ನೋಡಲು ಜೋಡಿಗಳನ್ನು ಬರೀ ಕೂಡಿದರೆ ಸಾಕು. ಕೂಡಿದೆ. ಇನ್ನೂರ ನಲವತ್ತೆರಡು, ಹನ್ನೊಂದರ ಇಪ್ಪತ್ತೆರಡು ಪಟ್ಟು. ಕೂಡುವ ಲೆಕ್ಕಕ್ಕೆ ಯಾವುದು ಮೊದಲು ಯಾವುದು ಆಮೇಲೆ ಎಂಬ ಗೊಡವೆಯೇ ಇಲ್ಲ. ಮೇಲಿನದನ್ನು ಕೆಳಗೆ ಹಾಕು, ಕೆಳಗಿನದನ್ನು ಮೇಲೆ ಹಾಕು, ಮೊತ್ತ ಅಷ್ಟೇ. ಜೋಡಿಗಳು ಎಷ್ಟು ಹಿಂದುಮುಂದಾದರೂ ಅವನ ಯಂತ್ರ ಹಲ್ಲು ಕಿರಿದು ಹಸಿರು ತೋರಿಸುತ್ತದೆ.

ಹಸಿರಪ್ಪ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. ತುಟಿ ಅಲ್ಲಾಡಿಸುತ್ತಾ ಕೂಡಿದ. ಅವನ ನಗು ಇಳಿದುಹೋಯಿತು.

“ಏಳರಿಂದ ಭಾಗಿಸೋ ಹಾಗಿಟ್ಟಿದ್ರೆ ಇದು ಸಿಕ್ಕಿಬೀಳ್ತಿತ್ತು,” ಎಂದೆ.

“ಏಳಾದ್ರೆ ಬೇರೆದು ತಪ್ಪಿಸ್ಕೊಳ್ಳುತ್ತೆ ಅಕ್ಕಾ. ಒಂದು ಬರೆಯೋ ಕಡೆ ಎಂಟು ಬರೆದ್ರೂ ಗೊತ್ತಾಗಲ್ಲ.” ಅವನ ದನಿಯಲ್ಲಿ ಜಗಳವಿರಲಿಲ್ಲ. “ನಾನು ಬಂದು ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು. ಈಗ ಹುಡುಕು.”

ಹುಡುಕುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮೊದಲ ಮೂರು ಜೋಡಿ ಆಸ್ಪತ್ರೆಯದು, ವರ್ಷದ್ದು, ವಿಭಾಗದ್ದು, ಎಲ್ಲರಿಗೂ ಒಂದೇ. ಕೊನೆಯ ಜೋಡಿಯಲ್ಲಿ ಒಂದು ಕೋಣೆಯದು, ಇನ್ನೊಂದು ಹನ್ನೊಂದಕ್ಕಾಗಿ ಕೂರಿಸಿದ್ದು. ಅದಲುಬದಲಾಗಲು ಉಳಿದದ್ದು ನಡುವಿನ ಎರಡು ಜೋಡಿ, ಸರದಿ ಸಂಖ್ಯೆ. ನಲವತ್ತೇಳು ನಲವತ್ತೆಂಟು. ತಿರುಗಿಸಿದರೆ ನಲವತ್ತೆಂಟು ನಲವತ್ತೇಳು. ಎರಡಕ್ಕೂ ತೊಂಬತ್ತೊಂಬತ್ತು ವ್ಯತ್ಯಾಸ. ದಿನಕ್ಕೆ ನೂರಿಪ್ಪತ್ತು ತುಂಡು ಬರುವ ಆಸ್ಪತ್ರೆಯಲ್ಲಿ ತೊಂಬತ್ತೊಂಬತ್ತು ಅಂದರೆ ಅದೇ ದಿನ, ಅದೇ ಕೋಣೆ. ಹಸಿರಪ್ಪ 703519484723 ಹೊಡೆದ. ಹಸಿರು ಬಂತು.

ಗಂಡಸು, ಐವತ್ತೆರಡು ವರ್ಷ, ಅಂಚೆಯವನು. ಬಲಗಾಲ ಮೀನಖಂಡದಲ್ಲಿ ಗಂಟು. ಬಂದ ತುಂಡಿನ ಉದ್ದ ಅರ್ಧ ಸೆಂಟಿಮೀಟರ್. ನಿರಪಾಯ, ಭಯವಿಲ್ಲ, ಮತ್ತೆ ಬರುವುದು ಬೇಡ.

ಅರ್ಧ ಸೆಂಟಿಮೀಟರಿನ ತುಂಡು ನನ್ನ ತಂಗಿಯದು. ಅದು ಅವಳದೇ ಎಂದು ಕೂಗಬೇಕೆನಿಸಿತು, ಆದರೆ ಆಪರೇಷನ್ ಡಾಕ್ಟರು ಇದನ್ನೂ ಬಾಯಿ ಮಾತು ಎಂದುಬಿಟ್ಟರೆ? ಅವತ್ತು ಟೈಪ್ ಮಾಡಿದವರು ಯಾರೆಂದು ಕೇಳಿದೆ. ಹಸಿರಪ್ಪ ನೋಡಿ ಹೇಳಿದ. ನಮ್ಮ ಮೆಲ್ಲಮ್ಮ.

ಮೆಲ್ಲಮ್ಮ ಎಂದು ಹೆಸರಿಟ್ಟವಳೂ ನಾನೇ. ಹದಿನಾಲ್ಕು ವರ್ಷದಿಂದ ನನ್ನ ಎದುರಿನ ಕುರ್ಚಿಯಲ್ಲಿ ಕೂರುವ, ಪಿಸುಮಾತಿಗಿಂತ ಗಟ್ಟಿಯಾಗಿ ಎಂದೂ ಮಾತಾಡದ ಹೆಂಗಸು. ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಅವಳಿಗೆ ಹೇಳಬೇಕಾದದ್ದನ್ನೆಲ್ಲ ನಾಲಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಹೋದವಳೇ ಎರಡೂ ಸಂಖ್ಯೆಯನ್ನು ಅವಳ ಮುಂದೆ ಹಿಡಿದೆ. ತಂಗಿ ಅಲ್ಲೇ ಕೂತಿದ್ದಳು, ಸೂಜಿ ಅವಳ ಎಡಗೈಯಲ್ಲೇ ಇತ್ತು.

“ಏನಿದು? ಏನ್ ಮಾಡಿಟ್ಟಿದ್ದೀಯ ನೀನು?”

ಮೆಲ್ಲಮ್ಮ ನೋಡಿದಳು. ಟೈಪ್ ಮಾಡುವವರ ಪರದೆಯಲ್ಲಿ ಹೆಸರು ಬರುವುದಿಲ್ಲ. ಯಾರ ವರದಿ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಈಗ ತಂಗಿಯ ಕಡೆ ತಿರುಗಿದ್ದೇ ಗೊತ್ತಾಯಿತು.

“ಇದು ನನಗೆ ನೆನಪಿದೆ ಅಕ್ಕಾ,” ಎಂದಳು. “ಅವತ್ತಿಂದ ಮನಸ್ಸಲ್ಲಿ ಕೊರೀತಾನೇ ಇದೆ. ಮೊದಲು ಒಂದು ಸಂಖ್ಯೆ ನನಗೆ ನಲವತ್ತೆಂಟು ನಲವತ್ತೇಳು ಅಂತ ಕೇಳಿಸ್ತು. ಹಾಕಿದೆ, ಹಸಿರು ಬಂತು. ಆಮೇಲೆ ತುಂಬಾ ಹೊತ್ತಾದ ಮೇಲೆ ಮತ್ತೆ ನಲವತ್ತೆಂಟು ನಲವತ್ತೇಳು ಅಂತ ಬಂತು. ಯಂತ್ರ ಇದಕ್ಕೆ ವರದಿ ಆಗ್ಲೇ ಇದೆ ಅಂತು. ಈ ಸಲ ನಾನೇ ತಪ್ಪು ಕೇಳಿಸ್ಕೊಂಡೆ ಅಂದ್ಕೊಂಡೆ. ನಲವತ್ತೇಳು ನಲವತ್ತೆಂಟು ಖಾಲಿ ಇತ್ತು, ಅಲ್ಲಿ ಹಾಕಿದೆ. ಅದೂ ಹಸಿರು ಬಂತು.”

“ಖಾಲಿ ಇತ್ತು ಅಂತ ಹಾಕಿಬಿಡೋದಾ? ಅದೇನು ಬಸ್ಸಲ್ಲಿ ಸೀಟಾ? ಓದ್ತಿದ್ದೋರನ್ನ ಕೇಳೋಕೆ ನಿನಗೇನಾಗಿತ್ತು ದೊಡ್ಡ ರೋಗ?”

ಮೆಲ್ಲಮ್ಮ ಕಣ್ಣನ್ನು ಕೀಲಿಮಣೆಗೆ ಇಳಿಸಿದಳು.

“ಬಾಯಿ ಬಿಡು! ಯಾರು ಓದ್ತಿದ್ದಿದ್ದು ಅವತ್ತು?”

“ನೀವೇ ಅಕ್ಕಾ.”

ಆಚೆ ಮೇಜಿನವರೂ ಕೆಲಸ ನಿಲ್ಲಿಸಿದ್ದರು.

“ಕೇಳೋಣ ಅಂತಾನೇ ಇದ್ದೆ,” ಎಂದಳು ಮೆಲ್ಲಮ್ಮ. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. “ಅದಕ್ಕೆ ಹತ್ತು ನಿಮಿಷ ಮುಂಚೆ ಬೇರೆ ಒಂದು ಸಂಖ್ಯೆ ಇನ್ನೊಂದ್ಸಲ ಹೇಳಿ ಅಂದಿದ್ದೆ. ನೀವು, ಕಿವೀಲೇನು ಹತ್ತಿ ತುರುಕ್ಕೊಂಡು ಬಂದಿದ್ದೀಯಾ ಅಂದ್ರಿ. ಎಲ್ಲಾರೂ ನಕ್ರು. ಆಮೇಲೆ ಕೇಳಕ್ಕೆ ನನಗೆ ಧೈರ್ಯ ಬರ್ಲಿಲ್ಲ.”

ನನಗೆ ಅದು ನೆನಪೇ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ದಿನಕ್ಕೆ ಹತ್ತು ಸಲ ಹೇಳುವ ಮಾತು; ಹೇಳಿ, ನಗಿಸಿ, ಮರೆತು ಮುಂದಿನ ಸಾಲಿಗೆ ಹೋಗಿದ್ದೆ. ಜೋಡಿಯಾಗಿ ಓದುವುದನ್ನು ಈ ಕೋಣೆಗೆ ತಂದವಳು ನಾನು. ಬೇಗ ಮುಗಿಯುತ್ತದೆ ಅಂತ, ನನಗೆ ನಿಧಾನ ಕಂಡರೆ ಆಗುವುದಿಲ್ಲ ಅಂತ. ಏಳನ್ನು ನುಂಗಿ ಎಂಟನ್ನು ಅರ್ಧಕ್ಕೆ ಬಿಟ್ಟು ಓದಿದವಳೂ ನಾನೇ. ಹಸಿರಪ್ಪನಿಗೆ, ಡಾಕ್ಟರಿಗೆ, ನಿಯಮಕ್ಕೆ, ಯಂತ್ರಕ್ಕೆ, ಎಲ್ಲರಿಗೂ ಬೈದು ಬಂದಿದ್ದೆನಲ್ಲ. ಇನ್ನು ಯಾರಿಗೆ ಬೈಯಲಿ?

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ತಿರುಗಿ ನನ್ನನ್ನೇ ಕಚ್ಚಿತು, ಅಷ್ಟೇ. “ನಡಿ,” ಎಂದು ಮೆಲ್ಲಮ್ಮನ ರಟ್ಟೆ ಹಿಡಿದು ಎಬ್ಬಿಸಿದೆ. “ಈಗ ಹೇಳಿದ್ದನ್ನೇ ಡಾಕ್ಟರ ಮುಂದೆ ಹೇಳು. ನಾನು ಬೈದಿದ್ದನ್ನೂ ಸೇರಿಸಿ ಹೇಳು. ಒಂದಕ್ಷರ ಬಿಡಬೇಡ.”

ಅವಳು ಎರಡನೇ ಮಹಡಿಯಲ್ಲಿ ಎಲ್ಲವನ್ನೂ ಹೇಳಿದಳು. ನಾನು ಜೋಡಿಗಳನ್ನು ಮತ್ತೊಮ್ಮೆ ಕೂಡಿ ತೋರಿಸಿದೆ. ಡಾಕ್ಟರು ಈ ಸಲ ಗಡಿಯಾರ ನೋಡಲಿಲ್ಲ. ಕುರ್ಚಿ ಎಳೆದು ಕೂತು, ತಾವೇ ಒಂದು ಸಲ ಕೂಡಿ, ಸೈನ್ ಹಾಕಿ, ನಮ್ಮ ಜೊತೆ ಲ್ಯಾಬಿಗೆ ಬಂದರು.

ಲ್ಯಾಬಿನ ಡಾಕ್ಟರಮ್ಮ ಎರಡು ಗಾಜು ತೆಗೆಸಿದರು. ಗಾಜಿನ ಅಂಚಿನಲ್ಲಿ ಸಂಖ್ಯೆ ಗೀಚಿರುತ್ತದೆ, ಅದನ್ನು ಯಾರೂ ತಪ್ಪಾಗಿ ಕೇಳಿಸಿಕೊಳ್ಳಲಾರರು. ಮೊದಲನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿದರು. ಏಳು, ಸೊನ್ನೆ, ಮೂರು, ಐದು. ಒಂದು, ಒಂಬತ್ತು, ನಾಲ್ಕು, ಏಳು, ನಾಲ್ಕು, ಎಂಟು. ತಂಗಿಯದು. ಕಣ್ಣು ಹಚ್ಚಿ ಸುಮಾರು ಹೊತ್ತು ನೋಡಿದರು.

“ಏನೂ ಇಲ್ಲ ಇದರಲ್ಲಿ. ಬರೀ ಕೊಬ್ಬಿನ ಗಂಟು,” ಎಂದರು.

ಎರಡನೆಯದನ್ನು ಇಟ್ಟರು. ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ. “ಕೆಟ್ಟದ್ದು ಇದು,” ಎಂದರು. ಆಪರೇಷನ್ ಡಾಕ್ಟರು ಗೋಡೆಗೆ ಒರಗಿ ನಿಂತರು. “ನಾಳೆ ನಾನು ಕಡಿದೇಬಿಡ್ತಿದ್ದೆ,” ಎಂದು ಎರಡು ಸಲ ಹೇಳಿದರು. ಮೊದಲ ಬಾರಿಗೆ ನನಗೆ ಅವರ ಮೇಲೆ ಕನಿಕರ ಬಂತು.

ಹಿಂತಿರುಗಿ ಬಂದು ತಂಗಿಗೆ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಬೈಯುವ ದನಿಯಲ್ಲೇ ಹೇಳಿರಬೇಕು, ನನಗೆ ಬೇರೆ ದನಿ ಎಲ್ಲಿದೆ? “ನಿನ್ನ ಕೈಗೆ ಏನೂ ಆಗಿಲ್ಲ ಕಣೇ. ಏನೂ ಆಗಿಲ್ಲ. ಮನೆಗೆ ಹೋಗಿ ಮಿಷನ್ ಮುಂದೆ ಕೂತ್ಕೋ, ಹೋಗು.” ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಹತ್ತೊಂಬತ್ತು ದಿನ ಅಳದವಳು ಈಗ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರಿದೆ. ಮೆಲ್ಲಮ್ಮ ನೀರು ತಂದುಕೊಟ್ಟಳು. ಆಚೆ ಮೇಜಿನವರು ಬಂದು ಸುತ್ತ ನಿಂತರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಚಪ್ಪಾಳೆ ಕೇಳಿ ತಂಗಿ ತಲೆಯೆತ್ತಿದಳು.

“ಹಂಗಾದ್ರೆ ಆ ಕಾಗದ ಯಾರದ್ದಕ್ಕಾ?”

“ಯಾರದ್ದೋ. ಡಾಕ್ಟರು ನೋಡ್ಕೋತಾರೆ. ನೀನು ನೀರು ಕುಡಿ.”

“ಅವರಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿದ್ದಾರಾ?” ಮೂಗು ಒರೆಸಿಕೊಂಡಳು. “ಹತ್ತೊಂಬತ್ತು ದಿನದಿಂದ ಅವರು ಆರಾಮಾಗಿ ಓಡಾಡ್ಕೊಂಡಿದ್ದಾರಾ? ಮೊದಲು ಅವರಿಗೆ ಹೇಳು. ಈಗಲೇ ಹೇಳು.”

ಲ್ಯಾಬಿನ ಡಾಕ್ಟರಮ್ಮ ಫೋನ್ ತಾವೇ ಮಾಡುವುದಾಗಿ ಹೇಳಿದ್ದರು. ನಾನು ಒಪ್ಪಲಿಲ್ಲ. “ಓದಿದ್ದು ನಾನು. ನಾನೇ ಮಾಡ್ತೀನಿ,” ಎಂದೆ. ನಾಳೆ ಬರಲು ಹೇಳಿ, ಹೆಚ್ಚು ವಿವರ ಬೇಡ ಎಂದು ಅವರು ನಮ್ಮ ಕೋಣೆಗೇ ಬಂದು ನನ್ನ ಪಕ್ಕದಲ್ಲೇ ನಿಂತರು. ನಾಲ್ಕೂವರೆ ಆಗಿತ್ತು. ಅಂಚೆಯವನ ಫೋನ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಒತ್ತಿದೆ. ಎರಡನೇ ಸಲ ರಿಂಗಾಗುವಷ್ಟರಲ್ಲೇ ಎತ್ತಿದ. ಹಿಂದೆ ದಪ್ ದಪ್ ಎಂದು ಮುದ್ರೆ ಒತ್ತುವ ಸದ್ದು ಕೇಳುತ್ತಿತ್ತು.

“ಆಸ್ಪತ್ರೆಯಿಂದಾನಾ? ನಮಸ್ಕಾರ ಅಮ್ಮಾ! ಕಾಲು ಚೆನ್ನಾಗಿದೆ. ಹೊಲಿಗೆ ಬಿಚ್ಚಿದ ಮಾರನೇ ದಿನಾನೇ ಕೆಲಸಕ್ಕೆ ಬಂದೆ. ನಡಿಗೆ ಬೇರೆ ಒಂದು ಮೈಲಿ ಹೆಚ್ಚು ಮಾಡಿದ್ದಾರೆ, ಏನೂ ಆಯಾಸ ಇಲ್ಲ.”

“ನಾಳೆ ನೀವು ಒಂದ್ಸಲ ಬರ್ಬೇಕು,” ಎಂದೆ.

“ಯಾಕಮ್ಮಾ? ಮತ್ತೆ ಬರೋದು ಬೇಡ ಅಂತ ಕಾಗದ ಕೊಟ್ರಲ್ಲ.”

ಡಾಕ್ಟರಮ್ಮ ನನ್ನ ಭುಜ ಮುಟ್ಟಿದರು. ವಿವರ ಬೇಡ ಎಂದು ಸನ್ನೆ ಮಾಡಿದರು. ಆದರೆ ಹೇಳದೆ ಹೇಗಿರಲಿ? ಅವನು ಇನ್ನೊಂದು ರಾತ್ರಿಯೂ ಸುಳ್ಳಿನ ಮೇಲೆ ತಲೆಯಿಟ್ಟು ಮಲಗುವುದು ನನ್ನಿಂದ ಆಗುತ್ತಿರಲಿಲ್ಲ.

“ಆ ಕಾಗದ ನಿಮ್ಮದಲ್ಲ. ಸಂಖ್ಯೆ ಹಿಂದೆಮುಂದೆ ಆಗಿದೆ. ನಿಮ್ಮದು ಇನ್ನೊಬ್ಬರಿಗೆ ಹೋಗಿತ್ತು, ಅವರದ್ದು ನಿಮಗೆ ಬಂದಿದೆ.”

ಮುದ್ರೆಯ ಸದ್ದು ನಾಲ್ಕು ಸಲ ಬಂತು.

“ನಂದರಲ್ಲಿ ಏನಿದೆ?” ಎಂದ.

“ಚೆನ್ನಾಗಿಲ್ಲ. ಬೇಗ ಔಷಧಿ ಶುರು ಮಾಡ್ಬೇಕು.”

“ಯಾರು ಮಾಡಿದ್ದು ಈ ಹಿಂದೆಮುಂದೆ?”

“ನಾನೇ. ನಾನು ಸರಿಯಾಗಿ ಓದ್ಲಿಲ್ಲ.”

ಬೈಯಲಿ ಎಂದು ಕಾದೆ. ನಾನಾಗಿದ್ದರೆ ಫೋನಿನ ತಂತಿ ಸುಟ್ಟುಹೋಗುವ ಹಾಗೆ ಬೈಯುತ್ತಿದ್ದೆ. ಬೈಯಲಿ, ಜನ್ಮ ಜಾಲಾಡಲಿ, ಹಾಗಾದರೆ ನಾನೂ ಸ್ವಲ್ಪ ಉಸಿರಾಡಬಹುದು. ಆ ಮನುಷ್ಯ ಬೈಯಲಿಲ್ಲ. ಸ್ವಲ್ಪ ಆಚೆ ಹೋದನೆಂದು ಕಾಣುತ್ತದೆ, ಮುದ್ರೆಯ ಸದ್ದು ದೂರವಾಯಿತು.

“ಅಮ್ಮಾ, ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ ಆಯ್ತು. ಮನೆ ನಂಬರ್ ಹಿಂದೆಮುಂದೆ ಆಗಿ ನನ್ನ ಕೈಗೆ ಬಂದ ಕಾಗದ ಸಾವಿರ ಇರ್ಬೋದು. ಒಂದನ್ನೂ ಇಟ್ಕೊಂಡೋನಲ್ಲ ನಾನು. ಯಾರದ್ದು ಅಂತ ಹುಡುಕಿ ಅವರಿಗೇ ಮುಟ್ಟಿಸಿದ್ದೀನಿ. ಇದೊಂದು ನನ್ನ ಹತ್ರಾನೇ ಇರ್ಲಿ ಅಂದ್ರೆ ಆಗುತ್ತಾ?”

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಬಲಗೈಯನ್ನು ಎದೆಗೊತ್ತಿಕೊಂಡು.

“ಆಗಲ್ಲ ಅಣ್ಣಾ,” ಎಂದೆ. “ನಾಳೆ ಬನ್ನಿ. ನಾನು ಬಾಗಿಲಲ್ಲೇ ನಿಂತಿರ್ತೀನಿ.”